ತೊದಲಿನ ಲೆಕ್ಕ

ಮೊದಲ ಗುಡುಗು ಕಾರಡ್ಕದ ಮೇಲೆ ಉರುಳಿದ ಮರುದಿನ
ಬಾಗಿಯಕ್ಕ ತವರಿನ ಕಾಡಿಗೆ ಬರುತ್ತಾಳೆ, ಬರಿಗಾಲಲ್ಲಿ.
ಕಣ್ಣಿಂದಲ್ಲ, ಅಂಗಾಲಿಂದ ಹುಡುಕುವುದು.
ಮುರಕಲ್ಲಿನ ಹುಡಿಯಡಿ ಏನೋ ಉರುಟು, ಗಟ್ಟಿ;
ಕತ್ತಿಯ ತುದಿಯಿಂದ ಎಬ್ಬಿಸುತ್ತಾಳೆ
ಗೋಲಿಯಷ್ಟು ದೊಡ್ಡ ಒಂದು ಕಲ್ಲಣಬೆ.

ಹಿಂದೆ ನಾನು,
ಹೆಗಲಲ್ಲಿ ಮೀನಿನವರಿಂದ ಕೊಂಡ ಥರ್ಮೋಕೋಲ್ ಪೆಟ್ಟಿಗೆ,
ಅದರೊಳಗೆ ಐಸು, ನಂಬರು ಬರೆದ ಟ್ಯೂಬುಗಳು.
ಅವಳು ಸೇರಿನ ಲೆಕ್ಕದಲ್ಲಿ ಮಾರುವುದನ್ನು
ನಾನು ಅಕ್ಕಿಕಾಳಿನಷ್ಟು ಚಿವುಟಿ ಒಯ್ಯುತ್ತೇನೆ.
"ಇಷ್ಟರಲ್ಲಿ ಯಾರ ಹೊಟ್ಟೆ ತುಂಬುತ್ತದೆ ಮಾರಾಯ್ತಿ?"
ನನ್ನ ಮನೆಯವರೂ ಹೆಚ್ಚುಕಮ್ಮಿ ಅದನ್ನೇ ಕೇಳುತ್ತಾರೆ.

ಕಿರಾಲುಬೋಗಿಯ ಬುಡ ಕೆದಕಿ ಬೇರಿನ ತುದಿ ತೋರಿಸಿದೆ:
ನೋಡಿ, ಬೆರಳಿಗೆ ಬಿಳಿ ಗವಸು ತೊಟ್ಟ ಹಾಗೆ.
ಇದು ಮರವಲ್ಲ, ಅಣಬೆ ಮಾತ್ರವೂ ಅಲ್ಲ,
ಇಬ್ಬರೂ ಕೂತು ವ್ಯಾಪಾರ ಮಾಡುವ ಜಗಲಿ.
ಮರ ಸಕ್ಕರೆ ಇಳಿಸುತ್ತದೆ,
ಇದು ಕಲ್ಲಿನಿಂದ ಉಪ್ಪು ಬಿಡಿಸಿ ಮೇಲಕ್ಕೆ ಕಳಿಸುತ್ತದೆ.
ಅವಳು ಬಗ್ಗಿ ನೋಡಿ ಮಣ್ಣು ಮುಚ್ಚಿದಳು,
ರಾತ್ರಿಯ ಕೆಂಡಕ್ಕೆ ಬೂದಿ ಮುಚ್ಚುವ ಹಾಗೆ.

ಆಮೇಲೆ ಆರು ತಿಂಗಳು ಲ್ಯಾಬು.
ಜೀವದ ಬರಹ ಕೆಲವು ಕಡೆ ತೊದಲುತ್ತದೆ:
ಅದೇ ಎರಡಕ್ಷರ, ಮತ್ತೆ ಅದೇ, ಮತ್ತೆ ಅದೇ.
ಎಷ್ಟು ಸಲ ತೊದಲಿತೆಂದು ಎಣಿಸಿದರೆ
ಯಾರು ಯಾವ ಮನೆಯವರೆಂದು ತಿಳಿಯುತ್ತದೆ.
ಹದಿನಾಲ್ಕು. ಹದಿನಾಲ್ಕು. ಹದಿನೇಳು. ಹದಿನಾಲ್ಕು.
ಒಂದೇ ಮರದಡಿ, ಮೂರು ಗೇಣು ದೂರದಲ್ಲಿ
ನಂಟೇ ಇಲ್ಲದ ಎರಡು ಸಂಸಾರ;
ಅತ್ತ, ಐದಾರು ಮರದ ಬೇರು ಹಿಡಿದು
ಮಾರುಗಟ್ಟಲೆ ಹಬ್ಬಿ ಕೂತದ್ದು ಒಂದೇ ಜೀವ.
ಹತ್ತು ಅಣಬೆಯೆಂದು ನಾವು ಎಣಿಸಿದ್ದು
ಒಬ್ಬರದೇ ಹತ್ತು ಬೆರಳು.

ಕಲ್ಲಿನ ಕೋರೆಯ ನಡುವೆ ಉಳಿದ ಬನ,
ಸುತ್ತ ಯಂತ್ರ ಕುಯ್ದ ಕೆಂಪು ಗೋಡೆ, ಮೇಲೆ ಎಂಟು ಮರ.
ಅಲ್ಲಿ ಎಲ್ಲವೂ ಹದಿನಾಲ್ಕು.
ಯಾರೂ ಬಂದಿಲ್ಲ, ಯಾರೂ ಹೋಗಿಲ್ಲ,
ಹಾಜರಿ ಕರೆಯುವಾಗ ಒಬ್ಬನೇ ಹುಡುಗ
ಎಲ್ಲರ ಹೆಸರಿಗೂ "ಎಸ್ ಸಾರ್" ಅಂದಂತೆ.

ಆದರೆ ಹೊಳೆಯಾಚೆ, ಬೇಡಡ್ಕದ ಮಗ್ಗುಲಲ್ಲಿ,
ನಡುವೆ ಪಯಸ್ವಿನಿ, ಗೇರುತೋಪು, ಟಾರು ರಸ್ತೆ ಇದ್ದೂ
ಹದಿನೇಳು ಇತ್ತು. ಈ ದಡದ್ದೇ ಹದಿನೇಳು.
ಗಾಳಿ ಅಂತ ಬರೆದೆ.
ನೆಲಕ್ಕಂಟಿ ಒಡೆಯುವುದರ ಹುಡಿ ಅಷ್ಟು ದೂರ ಹಾರೀತೇ?
ಗೀಟು ಹಾಕಿ, ಹಂದಿ ಅಂತ ಬರೆದೆ.
ಹಂದಿ ಈಜುತ್ತದೆ, ನಿಜ. ವರ್ಷ ವರ್ಷ ಒಂದೇ ಹಿತ್ತಿಲಿಗೆ?

ಈ ಜೂನಿನಲ್ಲಿ ತೂಗುಸೇತುವೆ ದಾಟಿ
ಅವಳ ಮನೆಗೆ ಹೋದೆ. ಮೆಟ್ಟಿಲಲ್ಲಿ ಕೂತು ಸೀಳುತ್ತಿದ್ದಳು:
ಬಿಳಿ ತಿರುಳಿನದು ಬುಟ್ಟಿಗೆ,
ಒಳಗೆ ಕಪ್ಪಾದದ್ದು ಬೆನ್ನ ಹಿಂದಕ್ಕೆ, ತಿರುಗಿಯೂ ನೋಡದೆ,
ಅಲ್ಲಿ ಎರಡು ಧೂಪದ ಮರ.
ಕಪ್ಪೆಂದರೆ ಹುಡಿ, ಹುಡಿಯೆಂದರೆ
ಮುಂದಿನ ಕೋಟಿ ಕೋಟಿ ಮಳೆಗಾಲ.

"ನನ್ನನ್ನು ಈ ದಡಕ್ಕೆ ಕೊಟ್ಟು ಮೂವತ್ತೆರಡು ವರ್ಷ.
ಇಲ್ಲಿ ಕೂಣ್ ಅಂದರೆ ಕೊಡೆಯಂಥದು ಮಾತ್ರ;
ಇದನ್ನು ಆಡಿನ ಹಿಕ್ಕೆ ಅಂತ ನಗಾಡಿದರು.
ಗಸಿ ಮಾಡಿ ಬಡಿಸಿದೆ.
ಅತ್ತೆ ಎರಡನೇ ಸಲ ಕೇಳಿ ಹಾಕಿಸಿಕೊಂಡರು."

ಪ್ರಬಂಧದ ನಾಲ್ಕನೇ ಅಧ್ಯಾಯ, ಹರಿವಿನ ಕಾರಣಗಳು:
ಗಾಳಿ, ನೀರು, ಹಂದಿ, ಮತ್ತು
ಎಂದು ಬರೆದು ಪೆನ್ನು ಎತ್ತಿಟ್ಟಿದ್ದೇನೆ.

ಬರುವಾಗ ಒಂದು ಮುಷ್ಟಿ ಕಪ್ಪು ಕೇಳಿ ಕಟ್ಟಿಸಿಕೊಂಡೆ.
ಈಗ ಕೋರೆಯ ಅಂಚಿನಲ್ಲಿದ್ದೇನೆ. ಎದುರಿಗೆ ಎಂಟು ಮರ.
ಬಿಚ್ಚಿ ಎಸೆದರೆ ನನ್ನ ಮೂರು ವರ್ಷದ ಲೆಕ್ಕ ಕೆಡುತ್ತದೆ,
ಸಾರ್ ಕೇಳಿದರೆ ಉತ್ತರವಿಲ್ಲ.
ಹನಿ ಶುರುವಾಯಿತು. ಕೈಯಲ್ಲಿ ಪೊಟ್ಟಣದ ಕಾಗದ
ಮೆತ್ತಗಾಗುತ್ತಿದೆ, ಒಂದು ಮೂಲೆಯಲ್ಲಿ
ಆಗಲೇ ಹುಡಿ ಸೋರುತ್ತಿದೆ.